ಓದುಗರ ಪ್ರಶ್ನೆ, ನಮ್ಮ ಉತ್ತರ: ಕೂಲಿಪಡೆಯ ದಂಡನಾಯಕ ಗೇಯೋರ್ಗ್ ಫಾನ್ ಫ್ರುಂಡ್ಸ್‌ಬರ್ಗ್

ಯುರೋಪಿನ ಮಧ್ಯಯುಗದ ಕೊನೆಗಾಲದ ಕೂಲಿ ಸೈನ್ಯಗಳನ್ನು ಕುರಿತು ಬಂದಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಬ್ಬನೇ ವ್ಯಕ್ತಿಯ ಸುತ್ತ ಸುತ್ತುತ್ತಿರುವುದರಿಂದ, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವನಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: 1527ರಲ್ಲಿ ನಡೆದ ರೋಮ್ ನಗರದ ಲೂಟಿಯ ಬಗ್ಗೆ ಓದುವಾಗ ಫ್ರುಂಡ್ಸ್‌ಬರ್ಗ್ ಎಂಬ ಜರ್ಮನ್ ದಂಡನಾಯಕನ ಹೆಸರು ಮತ್ತೆ ಮತ್ತೆ ಬರುತ್ತದೆ. ಅವನು ದೊಡ್ಡ ಮನೆತನದವನೋ, ಸಾಮಾನ್ಯ ಸಿಪಾಯಿಯಾಗಿ ಸೇರಿ ಮೇಲೆ ಬಂದವನೋ?

ಉತ್ತರ: ಹುಟ್ಟಿನಿಂದ ಅವನು ಜಹಗೀರುದಾರರ ಮನೆಯವನು. ಆದರೆ ಕುದುರೆಯಿಂದಿಳಿದು, ಸಾಮಾನ್ಯ ಕಾಲಾಳುಗಳ ಸಾಲಿನಲ್ಲಿ ಅವರಂತೆಯೇ ಈಟಿ ಹಿಡಿದು ನಿಂತದ್ದರಿಂದ ಹೆಸರು ಗಳಿಸಿದನು. 1473ರ ಸೆಪ್ಟೆಂಬರ್ 24ರಂದು ದಕ್ಷಿಣ ಜರ್ಮನಿಯ ಶ್ವಾಬಿಯಾ ಪ್ರಾಂತ್ಯದಲ್ಲಿ, ಮಿಂಡಲ್‌ಹೈಮ್ ಪಟ್ಟಣದ ಮೇಲಿರುವ ಮಿಂಡಲ್‌ಬುರ್ಗ್ ಕೋಟೆಯಲ್ಲಿ ಗೇಯೋರ್ಗ್ ಹುಟ್ಟಿದನು. ಮನೆತನದ ಮೂಲ ಟಿರೋಲ್ ಸೀಮೆಯದು. ಮಿಂಡಲ್‌ಹೈಮಿನ ಒಡೆತನ ಅವನ ತಂದೆ ಉಲ್ರಿಖ್‌ನ ಕಾಲದಲ್ಲಿ ಬಂದದ್ದು. ಶ್ವಾಬಿಯಾದ ನಗರಗಳು, ನೈಟರು ಮತ್ತು ದೊರೆಗಳು 1488ರಲ್ಲಿ ಕಟ್ಟಿಕೊಂಡಿದ್ದ ಶ್ವಾಬಿಯನ್ ಒಕ್ಕೂಟದ ಸೇನಾನಾಯಕರಲ್ಲಿ ಉಲ್ರಿಖ್ ಒಬ್ಬನಾಗಿದ್ದನು. ಮಗ ಹತ್ತೊಂಬತ್ತು ತುಂಬುವ ಮೊದಲೇ, 1492ರಲ್ಲಿ, ಬವೇರಿಯಾದ ಡ್ಯೂಕ್ ಆಲ್ಬ್ರೆಖ್ಟ್‌ನ ವಿರುದ್ಧ ಹೊರಟ ಒಕ್ಕೂಟದ ದಂಡಿನಲ್ಲಿ ತಂದೆಯ ಜೊತೆಗಿದ್ದನು.

ಅವನ ಕಣ್ಣು ತೆರೆಸಿದ್ದು 1499ರಲ್ಲಿ ಸ್ವಿಸ್ಸರೊಡನೆ ನಡೆದ ಯುದ್ಧವೆನ್ನಬೇಕು. ಸ್ವಿಸ್ ಕಾಲಾಳುಗಳು ಸುಮಾರು ಐದು ಮೀಟರ್ ಉದ್ದದ ಈಟಿಗಳನ್ನು ಮುಂದೆ ಚಾಚಿ, ಒತ್ತೊತ್ತಾದ ಚೌಕಗಳಾಗಿ ನುಗ್ಗುತ್ತಿದ್ದರು. ಇಪ್ಪತ್ತು ವರ್ಷಗಳ ಹಿಂದೆಯೇ ಅವರು ಬರ್ಗಂಡಿಯ ಡ್ಯೂಕ್ ಚಾರ್ಲ್ಸ್‌ನ ಅಶ್ವಸೈನ್ಯವನ್ನು ಮೂರು ಕದನಗಳಲ್ಲಿ ಮುರಿದು, 1477ರಲ್ಲಿ ನಾನ್ಸಿಯಲ್ಲಿ ಅವನನ್ನೇ ಕೊಂದಿದ್ದರು. ಜರ್ಮನ್ ನಾಡುಗಳ ಚಕ್ರವರ್ತಿ ಮಾಕ್ಸಿಮಿಲಿಯನ್ ಇದೇ ವಿದ್ಯೆಯನ್ನು ಜರ್ಮನರಿಗೂ ಕಲಿಸಲು ಹೊರಟಾಗ ಹುಟ್ಟಿದ ಕೂಲಿ ಕಾಲಾಳುಗಳೇ ಲಾಂಡ್ಸ್‌ಕ್ನೆಖ್ಟರು. 1499ರ ಯುದ್ಧದಲ್ಲಿ ಸ್ವಿಸ್ಸರೇ ಗೆದ್ದರು. ಬಿಡಿಬಿಡಿಯಾಗಿ ಬಂದು ಸೇರಿದ ಈಟಿಗಾರರ ಗುಂಪಿಗೂ, ಒಟ್ಟಿಗೆ ಹೆಜ್ಜೆ ಹಾಕಿ ಪಳಗಿದ ಪಡೆಗೂ ಇರುವ ಅಂತರ ಎಷ್ಟೆಂಬುದು ಸೋತ ಪಕ್ಷದಲ್ಲಿದ್ದ ಫ್ರುಂಡ್ಸ್‌ಬರ್ಗ್‌ಗೆ ಅಲ್ಲಿ ಅರಿವಾಗಿರಬೇಕು. ಮುಂದಿನ ಇಪ್ಪತ್ತೈದು ವರ್ಷ ಅವನು ಮಾಡಿದ್ದೆಲ್ಲ ಆ ಅಂತರವನ್ನು ತುಂಬುವ ಕೆಲಸವೇ. 1504ರಲ್ಲಿ ರೇಗೆನ್ಸ್‌ಬುರ್ಗ್ ಬಳಿಯ ವೆಂಜೆನ್‌ಬಾಖ್ ಕದನದಲ್ಲಿ ಬೊಹೀಮಿಯದ ಪಡೆಯ ವಿರುದ್ಧ ಕಾದಿದ್ದಕ್ಕೆ ಮಾಕ್ಸಿಮಿಲಿಯನ್ ಅವನಿಗೆ ನೈಟ್ ಪದವಿ ಕೊಟ್ಟನು. 1509ರಿಂದ ವೆನಿಸ್ ವಿರುದ್ಧದ ಯುದ್ಧಗಳಿಗಾಗಿ ಇಟಲಿಗೆ ಇಳಿದನು. 1513ರ ಅಕ್ಟೋಬರಿನಲ್ಲಿ ವಿಚೆಂಜಾ ಬಳಿ ಸುತ್ತುವರಿದಿದ್ದ ವೆನಿಸ್ ಸೈನ್ಯವನ್ನು ಸ್ಪೇನಿನ ಪಡೆಯೊಡನೆ ಸೇರಿ ಸೋಲಿಸಿದನು. 1519ರಲ್ಲಿ ವುರ್ಟೆಂಬೆರ್ಗ್‌ನ ಡ್ಯೂಕ್ ಉಲ್ರಿಖ್‌ನನ್ನು ರಾಜ್ಯದಿಂದ ಓಡಿಸಿದ ದಂಡಿನಲ್ಲಿ ಕಾಲಾಳುಗಳ ನಾಯಕನಾಗಿದ್ದನು.

ಇವೆಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು 1522ರ ಏಪ್ರಿಲ್ 27ರಂದು ಮಿಲಾನ್ ಹೊರವಲಯದ ಬಿಕೋಕಾದಲ್ಲಿ ನಡೆದ ಕದನ. ಮಾಕ್ಸಿಮಿಲಿಯನ್‌ನ ನಂತರ ಚಕ್ರವರ್ತಿಯಾಗಿದ್ದ ಐದನೆಯ ಚಾರ್ಲ್ಸ್‌ನ ವಿರುದ್ಧ ಫ್ರಾನ್ಸಿನ ಪರವಾಗಿ ಬಂದಿದ್ದ ಸ್ವಿಸ್ಸರಿಗೆ ಸಂಬಳ ಬಂದಿರಲಿಲ್ಲ. ಹಣ ಕೊಡಿ, ಇಲ್ಲವೇ ಊರಿಗೆ ಹೋಗಲು ಬಿಡಿ, ಅದೂ ಇಲ್ಲದಿದ್ದರೆ ಈಗಲೇ ಯುದ್ಧಕ್ಕೆ ಬಿಡಿ ಎಂದು ಅವರು ಫ್ರೆಂಚ್ ಸೇನಾಪತಿ ಲೋಟ್ರೆಕ್‌ನ ಮೇಲೆ ಪಟ್ಟು ಹಿಡಿದರು. ಎದುರಿಗೆ ತಗ್ಗಾದ ದಾರಿ, ಅದರಾಚೆ ಮಣ್ಣಿನ ದಿಬ್ಬ, ದಿಬ್ಬದ ಮೇಲೆ ಸಾಲುಸಾಲು ಕೋವಿಗಾರರು, ಅವರ ಹಿಂದೆ ಫ್ರುಂಡ್ಸ್‌ಬರ್ಗ್‌ನ ಈಟಿಗಾರರು. ಗುಂಡಿನ ಮಳೆಗೆ ಸಿಕ್ಕಿ, ತಗ್ಗಿನಿಂದ ದಿಬ್ಬ ಹತ್ತಲು ಹೆಣಗುತ್ತಿದ್ದ ಸ್ವಿಸ್ಸರನ್ನು ಜರ್ಮನರು ಮೇಲಿನಿಂದ ಈಟಿಗಳಲ್ಲಿ ತಳ್ಳಿದರು. ಸುಮಾರು ಮೂರು ಸಾವಿರ ಸ್ವಿಸ್ಸರು ಸತ್ತರು. ಸಂಬಳದ ಜಗಳವೊಂದು ಒಳ್ಳೆಯ ಸೈನ್ಯವನ್ನು ಹೇಗೆ ಕೆಟ್ಟ ನೆಲಕ್ಕೆ ಎಳೆದು ತಂದಿತೆಂಬುದನ್ನು ಫ್ರುಂಡ್ಸ್‌ಬರ್ಗ್ ಅಂದು ದಿಬ್ಬದ ಮೇಲಿನಿಂದ ನೋಡಿದನು. 1525ರ ಫೆಬ್ರವರಿ 24ರಂದು ಪಾವಿಯಾದಲ್ಲಿ ಫ್ರಾನ್ಸಿನ ದೊರೆ ಒಂದನೆಯ ಫ್ರಾನ್ಸಿಸ್ ಸೆರೆಸಿಕ್ಕ ಕದನದಲ್ಲಿಯೂ ಅವನ ಪಡೆಯ ಪಾಲು ದೊಡ್ಡದು. ಅಲ್ಲಿ ಫ್ರಾನ್ಸಿನ ಸಂಬಳಕ್ಕೆ ನಿಂತಿದ್ದ ‘ಕಪ್ಪು ಪಡೆ’ ಎಂಬ ಜರ್ಮನ್ ದಂಡನ್ನು ಅವನ ಜರ್ಮನರೇ ಬಹುಪಾಲು ಕಡಿದು ಹಾಕಿದರು. ಸ್ವಿಸ್ಸರ ಮೇಲಿದ್ದ ದ್ವೇಷಕ್ಕಿಂತ ಚಕ್ರವರ್ತಿಯ ಶತ್ರುವಿಗೆ ಮಾರಿಕೊಂಡ ಸ್ವದೇಶದವರ ಮೇಲಿನ ದ್ವೇಷವೇ ಅವರಿಗೆ ಹೆಚ್ಚಾಗಿತ್ತು. ತಾವೂ ಸಂಬಳಕ್ಕೇ ಬಂದವರೆಂಬುದು ಅಂದು ಯಾರಿಗೂ ನೆನಪಾದಂತಿಲ್ಲ.

ಪ್ರಶ್ನೆ: ಕೂಲಿ ಸೈನ್ಯವನ್ನು ‘ಕಟ್ಟುವುದು’ ಎಂದರೆ ನಿಜವಾಗಿ ಏನು ಮಾಡುತ್ತಿದ್ದರು? ಸಿಪಾಯಿಗಳಿಗೆ ಸಂಬಳ ಕೊಡುತ್ತಿದ್ದವರು ಯಾರು, ದೊರೆಯೋ ದಂಡನಾಯಕನೋ?

ಉತ್ತರ: ಕೊಡಬೇಕಾದವನು ದೊರೆ, ಕೊಡದಿದ್ದಾಗ ಸಿಪಾಯಿಗಳ ಕೈಗೆ ಸಿಗುತ್ತಿದ್ದವನು ದಂಡನಾಯಕ. ಇಡೀ ಏರ್ಪಾಟಿನ ಕಷ್ಟವೆಲ್ಲ ಈ ಒಂದು ಮಾತಿನಲ್ಲಿದೆ.

ಇಷ್ಟು ಜನ, ಇಷ್ಟು ತಿಂಗಳು ಎಂದು ನಿಗದಿಪಡಿಸಿದ ಅಧಿಕಾರಪತ್ರವನ್ನು ದೊರೆಯಿಂದ ಪಡೆದ ನಾಯಕನು ತನಗೆ ಗೊತ್ತಿದ್ದ ಕ್ಯಾಪ್ಟನ್‌ಗಳನ್ನು ನೇಮಿಸುತ್ತಿದ್ದನು. ಅವರು ಊರೂರುಗಳಲ್ಲಿ ತಮಟೆ ಬಾರಿಸಿ ಆಳುಗಳನ್ನು ಕರೆಯುತ್ತಿದ್ದರು. ಬಂದವರಲ್ಲಿ ರೈತರ ಮಕ್ಕಳು, ಕಸುಬು ಬಿಟ್ಟ ಕುಶಲಕರ್ಮಿಗಳು, ಸಾಲಗಾರರು, ಬಡ ಜಹಗೀರುದಾರರ ಕಿರಿಯ ಮಕ್ಕಳು ಎಲ್ಲರೂ ಇರುತ್ತಿದ್ದರು. ಗೊತ್ತಾದ ದಿನ ಬಯಲೊಂದರಲ್ಲಿ ಎರಡು ಗಂಡುಗೊಡಲಿಗಳನ್ನು ನೆಲಕ್ಕೆ ನೆಟ್ಟು, ಅವುಗಳ ಮೇಲೊಂದು ಉದ್ದನೆಯ ಈಟಿಯನ್ನು ಅಡ್ಡ ಹಾಕಿ ಬಾಗಿಲು ಮಾಡುತ್ತಿದ್ದರು. ಒಬ್ಬೊಬ್ಬರಾಗಿ ಅದರೊಳಗಿನಿಂದ ಹಾದುಹೋಗಬೇಕು. ಗುಮಾಸ್ತನು ಹೆಸರು ಬರೆದುಕೊಳ್ಳಬೇಕು. ಮೈಕಟ್ಟು ಮತ್ತು ಆಯುಧ ನೋಡಿ ಸಂಬಳ ಗೊತ್ತುಮಾಡಬೇಕು. ಆಯುಧವನ್ನು ಆಳೇ ತರಬೇಕಾಗಿತ್ತು. ಸಾಮಾನ್ಯ ಈಟಿಗಾರನಿಗೆ ತಿಂಗಳಿಗೆ 4 ಗುಲ್ಡನ್ (ಅಂದಿನ ಜರ್ಮನ್ ನಾಣ್ಯ). ಒಳ್ಳೆಯ ಕವಚ ಧರಿಸಿ ಮುಂದಿನ ಸಾಲಿನಲ್ಲಿ ನಿಲ್ಲುವ ಅನುಭವಿಗೆ 8 ಗುಲ್ಡನ್. ಅವನನ್ನು ಜೋಡಿ ಸಂಬಳದವನೆಂದೇ ಕರೆಯುತ್ತಿದ್ದರು. ಕೊನೆಗೆ ನಿಯಮಪತ್ರವನ್ನು ಗಟ್ಟಿಯಾಗಿ ಓದಿಸಿ ಪ್ರಮಾಣ ಮಾಡಿಸಲಾಗುತ್ತಿತ್ತು. ಸುಮಾರು 400 ಆಳುಗಳಿಗೆ ಒಂದು ಬಾವುಟ, ಅಂತಹ ಹಲವು ಬಾವುಟಗಳು ಸೇರಿದರೆ ಒಂದು ರೆಜಿಮೆಂಟ್, ಅದರ ಮೇಲೆ ದಂಡನಾಯಕ.

ಈ ರೆಜಿಮೆಂಟಿಗೆ ತನ್ನದೇ ನ್ಯಾಯಾಧಿಕಾರಿಯಿದ್ದನು, ಶಿಕ್ಷೆ ಜಾರಿ ಮಾಡುವ ಪ್ರೊವೋಸ್ಟ್ ಇದ್ದನು, ಹಿಂದೆ ಬರುವ ಗಾಡಿಸಾಲನ್ನು ಹತೋಟಿಯಲ್ಲಿಡಲು ಪ್ರತ್ಯೇಕ ಅಧಿಕಾರಿಯಿದ್ದನು. ಆ ಗಾಡಿಸಾಲಿನ ಹೆಂಗಸರು ಅಡಿಗೆ, ಬಟ್ಟೆ ಒಗೆತ, ಗಾಯಾಳುಗಳ ಆರೈಕೆಯ ಜೊತೆಗೆ ಮುತ್ತಿಗೆಯ ಸಮಯದಲ್ಲಿ ಕಂದಕ ತೋಡುವುದಕ್ಕೂ ಕೈಹಚ್ಚುತ್ತಿದ್ದರು. ಮುಖ್ಯ ವಿಷಯ ಬಂದಾಗ ಆಳುಗಳೆಲ್ಲ ವೃತ್ತಾಕಾರವಾಗಿ ಸುತ್ತುಗಟ್ಟಿ ನಿಲ್ಲುತ್ತಿದ್ದರು; ನಾಯಕನು ನಡುವೆ ನಿಂತು ಮಾತಾಡಬೇಕು, ಅವರು ಕೇಳಿ ಒಪ್ಪಬೇಕು. ಕೆಲವು ಅಪರಾಧಗಳ ವಿಚಾರಣೆಯನ್ನೂ ಇದೇ ಸುತ್ತಿನಲ್ಲಿ ಆಳುಗಳೇ ನಡೆಸಿ, ತಪ್ಪಿತಸ್ಥನನ್ನು ಎರಡು ಸಾಲು ಈಟಿಗಳ ನಡುವೆ ಓಡಿಸಿ ಕೊಲ್ಲುವುದಿತ್ತು. ದೊರೆಯ ಪ್ರಜೆಗಳಂತೆ ತಲೆಬಾಗಿ ನಿಲ್ಲುವ ಜನ ಇವರಲ್ಲ, ಕರಾರಿನ ಒಂದು ಪಕ್ಷದವರು. ಗೆಲುವಿನ ಕದನವಾದರೆ ಆ ತಿಂಗಳು ಮುಗಿಯಿತೆಂದೂ ಹೊಸ ತಿಂಗಳ ಸಂಬಳ ಶುರುವಾಯಿತೆಂದೂ ಅವರು ವಾದಿಸುತ್ತಿದ್ದರು. ಕ್ಯಾಪ್ಟನ್‌ಗಳು ತಮ್ಮ ಪಾಲಿಗೆ ಸತ್ತವರ ಹೆಸರನ್ನು ಪಟ್ಟಿಯಿಂದ ತೆಗೆಯದೆ ಆ ಸಂಬಳವನ್ನು ಜೇಬಿಗಿಳಿಸುತ್ತಿದ್ದರು. ಹೀಗಾಗಿ ಕಾಗದದ ಮೇಲಿನ ಸೈನ್ಯವೂ ಬಯಲಿನಲ್ಲಿರುವ ಸೈನ್ಯವೂ ಎಂದೂ ಒಂದೇ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಫ್ರುಂಡ್ಸ್‌ಬರ್ಗ್ ತನ್ನ ಆಳುಗಳನ್ನು ‘ಮಕ್ಕಳೇ’ ಎಂದು ಕರೆಯುತ್ತಿದ್ದನು, ಅವರು ಅವನನ್ನು ತಂದೆಯೆಂದು ಕರೆದರು, ಇಂದಿಗೂ ಲಾಂಡ್ಸ್‌ಕ್ನೆಖ್ಟರ ಪಿತಾಮಹನೆಂಬ ಬಿರುದು ಅವನಿಗುಳಿದಿದೆ. ಈ ಸಲುಗೆ ಸುಳ್ಳಲ್ಲ. ಆದರೆ ಸಂಬಳ ತಡವಾದಾಗ ಸೈನ್ಯವನ್ನು ಹಿಡಿದಿಟ್ಟದ್ದು ಅವನ ಕೊಟ್ಟ ಮಾತಿನ ಮೇಲಿದ್ದ ನಂಬಿಕೆ. ಆ ನಂಬಿಕೆಯೇ ಅವನ ನಿಜವಾದ ಬಂಡವಾಳವಾಗಿತ್ತೆಂದು ನಮ್ಮ ಅಭಿಪ್ರಾಯ. ಕೊನೆಗೆ ಅವನು ಕಳೆದುಕೊಂಡದ್ದೂ ಅದನ್ನೇ.

ಪ್ರಶ್ನೆ: ಪೋಪನನ್ನು ನೇಣಿಗೇರಿಸಲು ಫ್ರುಂಡ್ಸ್‌ಬರ್ಗ್ ಚಿನ್ನದ ಹಗ್ಗವೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆಲ್ಪ್ಸ್ ದಾಟಿದನಂತೆ. ಇದು ನಿಜವೇ? ಅಷ್ಟು ಸಿರಿವಂತನಾಗಿದ್ದನೇ?

ಉತ್ತರ: ಹಗ್ಗದ ಕತೆಯನ್ನು ಕತೆಯೆಂದೇ ಇಟ್ಟುಕೊಳ್ಳುವುದು ಒಳ್ಳೆಯದು. ಪೋಪನಿಗೆ ಚಿನ್ನದ ಹಗ್ಗ, ಕಾರ್ಡಿನಲ್‌ಗಳಿಗೆ ರೇಷ್ಮೆಯ ಹಗ್ಗ ಎಂದು ಅದು ಬಾಯಿಂದ ಬಾಯಿಗೆ ಬೆಳೆದಿದೆ. ಫ್ರುಂಡ್ಸ್‌ಬರ್ಗ್ ಪೋಪನ ಅಧಿಕಾರವನ್ನು ಪ್ರಶ್ನಿಸಿದ್ದ ಜರ್ಮನ್ ಸನ್ಯಾಸಿ ಲೂಥರ್‌ನ ಬೋಧನೆಯತ್ತ ಒಲಿದಿದ್ದನು, ಅವನ ಸಿಪಾಯಿಗಳಲ್ಲಿ ಪೋಪನ ಹೆಸರೆತ್ತಿದರೆ ಉರಿದೇಳುವವರು ಬೇಕಾದಷ್ಟಿದ್ದರು. ಮುಂದೆ ರೋಮ್ ನಗರಕ್ಕೆ ಒದಗಿದ ಗತಿಯನ್ನು ಕಂಡವರಿಗೆ ಹಗ್ಗವನ್ನು ಕಲ್ಪಿಸಿಕೊಳ್ಳುವುದು ಕಷ್ಟವಾಗಿರಲಾರದು. ಸಿರಿವಂತಿಕೆಯ ಮಾತಂತೂ ಪೂರ್ತಿ ತಲೆಕೆಳಗು. ಆಲ್ಪ್ಸ್ ದಾಟಲು ಹೊರಟಾಗ ಅವನು ಆಸ್ತಿಯನ್ನೂ ಬೆಳ್ಳಿಯ ಪಾತ್ರೆಗಳನ್ನೂ ಹೆಂಡತಿಯ ಒಡವೆಗಳನ್ನೂ ಒತ್ತೆಯಿಟ್ಟಿದ್ದನು.

ಹಾಗೇಕೆ ಮಾಡಿದನೆಂಬುದನ್ನು ಹೇಳಬೇಕು. 1526ರ ಮೇ ತಿಂಗಳಲ್ಲಿ ಪೋಪ್ ಏಳನೆಯ ಕ್ಲೆಮೆಂಟ್, ಫ್ರಾನ್ಸ್, ವೆನಿಸ್, ಫ್ಲಾರೆನ್ಸ್ ಮತ್ತು ಮಿಲಾನಿನ ಡ್ಯೂಕ್ ಸೇರಿ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ವಿರುದ್ಧ ಕೊನ್ಯಾಕ್ ಕೂಟವನ್ನು ಕಟ್ಟಿದರು. ಚಕ್ರವರ್ತಿ ದೂರದ ಸ್ಪೇನಿನಲ್ಲಿದ್ದನು. ಮಿಲಾನಿನಲ್ಲಿದ್ದ ಅವನ ಸೈನ್ಯ ಇಕ್ಕಟ್ಟಿನಲ್ಲಿತ್ತು. ಆಸ್ಟ್ರಿಯಾದಲ್ಲಿದ್ದ ತಮ್ಮ ಫರ್ಡಿನಾಂಡ್‌ಗೆ, ಆಗಸ್ಟ್ 29ರಂದು ಮೊಹಾಚ್‌ನಲ್ಲಿ ತುರ್ಕರು ಹಂಗೇರಿಯ ದೊರೆಯನ್ನು ಸೋಲಿಸಿದ ಮೇಲೆ, ತನ್ನ ಬಾಗಿಲಿನಲ್ಲೇ ಬೆಂಕಿ ಬಿದ್ದಿತ್ತು. ಅಧಿಕಾರಪತ್ರ ಬಂತು, ಹಣ ಬರಲಿಲ್ಲ. ಫ್ರುಂಡ್ಸ್‌ಬರ್ಗ್ ಸುಮಾರು 12,000 ಆಳುಗಳನ್ನು ಕೂಡಿಸಿದನು. ಒಬ್ಬೊಬ್ಬನಿಗೆ 4 ಗುಲ್ಡನ್ ಎಂದೇ ಹಿಡಿದರೂ ತಿಂಗಳಿಗೆ 48,000 ಗುಲ್ಡನ್ ಆಗುತ್ತದೆ. ಜೋಡಿ ಸಂಬಳದವರು, ಅಧಿಕಾರಿಗಳು, ಗಾಡಿ, ಮದ್ದುಗುಂಡು ಇದರ ಮೇಲೆ. ಒಂದು ಮನೆತನದ ಒಡವೆ ಪಾತ್ರೆಗಳು ಇಂತಹ ಖರ್ಚನ್ನು ಎಷ್ಟು ದಿನ ತಾಳಬಲ್ಲವು? ಜರ್ಮನಿಯಲ್ಲಿ ಕೂಡಿದ ಸೈನ್ಯವನ್ನು ಇಟಲಿಯ ದುಡ್ಡಿನಿಂದ ಸಾಕಬಹುದೆಂಬ ಲೆಕ್ಕದ ಮೇಲೆ ಅವರು ಹೊರಟರು. ಹೊರಡುವಾಗಲೇ ಲೂಟಿ ಆ ಲೆಕ್ಕದೊಳಗಿತ್ತು ಎಂದು ಹೇಳದೆ ಗತ್ಯಂತರವಿಲ್ಲ.

ನವೆಂಬರಿನ ಚಳಿ. ಕಣಿವೆಯ ದಾರಿಗಳನ್ನು ವೆನಿಸ್ ಪಡೆಗಳು ಕಾಯುತ್ತಿದ್ದುದರಿಂದ ಟ್ರೆಂಟ್‌ನಿಂದ ಮುಂದೆ ಕುರಿಮೇಕೆಗಳು ಓಡಾಡುವ ಬೆಟ್ಟದ ಹಾದಿಯನ್ನು ಹಿಡಿಯಬೇಕಾಯಿತು. ದಂಡನಾಯಕನಿಗೆ ವಯಸ್ಸು ಐವತ್ತಮೂರು. ಸ್ಥೂಲ ಶರೀರ, ಆರೋಗ್ಯವೂ ಸರಿಯಿರಲಿಲ್ಲ. ಒಂದು ಕಡೆ ಪ್ರಪಾತವಿರುವ ಇಕ್ಕಟ್ಟಿನಲ್ಲಿ ಆಳುಗಳು ತಮ್ಮ ಉದ್ದನೆಯ ಈಟಿಗಳನ್ನು ಅಡ್ಡಲಾಗಿ ಹಿಡಿದು ಅವನಿಗೆ ಕಟಾಂಜನ ಮಾಡಿಕೊಟ್ಟರು. ಮುಂದಿನವನ ಅಂಗಿಯನ್ನು ಹಿಡಿದುಕೊಂಡು ಅವನು ಹೆಜ್ಜೆಯಿಟ್ಟರೆ, ಹಿಂದಿನಿಂದ ಇನ್ನೊಬ್ಬನು ತಳ್ಳುತ್ತಿದ್ದನು. ಹೀಗೆ ಲೊಂಬಾರ್ಡಿಗೆ ಇಳಿದ ದಂಡಿಗೆ ಅದೃಷ್ಟವೂ ಒದಗಿತು. ನವೆಂಬರ್ 25ರಂದು ಮಾಂಟುವಾ ಬಳಿಯ ಗೊವೆರ್ನೊಲೊದಲ್ಲಿ, ಫೆರಾರಾದ ಡ್ಯೂಕ್ ಕಳಿಸಿಕೊಟ್ಟಿದ್ದ ಸಣ್ಣ ಫಿರಂಗಿಯ ಗುಂಡೊಂದು ಅವರನ್ನು ಬೆನ್ನಟ್ಟಿ ಕಾಡುತ್ತಿದ್ದ ಜೊವಾನ್ನಿ ದೆ ಮೆದಿಚಿಯ ಕಾಲಿಗೆ ತಗುಲಿತು. ಕಾಲು ಕತ್ತರಿಸಿದರೂ ಅವನು ಉಳಿಯಲಿಲ್ಲ, ನವೆಂಬರ್ 30ರಂದು ತೀರಿಕೊಂಡನು. ಇಟಲಿಯ ಕೂಟದಲ್ಲಿ ಕೆಚ್ಚಿನಿಂದ ಕಾದುವ ನಾಯಕನೆಂದರೆ ಅವನೊಬ್ಬನೇ ಆಗಿದ್ದನು.

ಪ್ರಶ್ನೆ: ರೋಮ್ ಲೂಟಿಯಾದಾಗ ಫ್ರುಂಡ್ಸ್‌ಬರ್ಗ್ ಅಲ್ಲಿರಲೇ ಇಲ್ಲವೆಂದು ಒಂದು ಕಡೆ ಓದಿದೆ. ಹಾಗಿದ್ದರೆ ಅಪವಾದ ಅವನ ಮೇಲೇಕೆ?

ಉತ್ತರ: ಅವನು ಅಲ್ಲಿರಲಿಲ್ಲ ಎಂಬುದು ನಿಜ. 1527ರ ಫೆಬ್ರವರಿಯಲ್ಲಿ ಪಿಯಾಚೆಂಜಾ ಸೀಮೆಯಲ್ಲಿ ಅವನ ದಂಡು, ಫ್ರಾನ್ಸ್ ಬಿಟ್ಟು ಚಕ್ರವರ್ತಿಯ ಪಕ್ಷ ಸೇರಿದ್ದ ಬೂರ್ಬೋನ್ ಡ್ಯೂಕ್‌ನ ಸ್ಪೇನ್ ಸೈನ್ಯದೊಡನೆ ಕೂಡಿಕೊಂಡಿತು. ಎರಡು ಹಸಿದ ಸೈನ್ಯಗಳು ಒಂದಾದವು, ಅಷ್ಟೆ. ಮಳೆ, ಕೆಸರು, ಹರಿದ ಬಟ್ಟೆ, ತಿಂಗಳುಗಟ್ಟಲೆ ಬಾಕಿ. ಬೊಲೋನ್ಯಾ ಬಳಿಯ ಸಾನ್ ಜೊವಾನ್ನಿಯ ಪಾಳೆಯದಲ್ಲಿದ್ದಾಗ, ಪೋಪನೊಡನೆ ಕದನವಿರಾಮದ ಮಾತು ನಡೆದಿದೆ, ಸೈನ್ಯ ಹಿಂದಿರುಗಬೇಕಾಗಬಹುದು ಎಂಬ ಸುದ್ದಿ ಹಬ್ಬಿತು. ಮೊದಲು ಸ್ಪೇನಿನವರು ದಂಗೆಯೆದ್ದು ಬೂರ್ಬೋನ್‌ನ ಡೇರೆಯನ್ನೇ ಲೂಟಿ ಮಾಡಿದರು. ಕಿಚ್ಚು ಜರ್ಮನರಿಗೂ ತಗುಲಿತು.

ಮಾರ್ಚ್ 16ರಂದು ಫ್ರುಂಡ್ಸ್‌ಬರ್ಗ್ ತಮಟೆ ಬಾರಿಸಿ ತನ್ನವರನ್ನು ಸುತ್ತುಗಟ್ಟಿಸಿದನು. ಇಷ್ಟು ವರ್ಷ ಮಾಡಿದ್ದನ್ನೇ ಮಾಡಿದನು: ನಡುವೆ ನಿಂತು ಮಕ್ಕಳೇ ಎಂದು ಕರೆದು, ಇನ್ನೊಂದಿಷ್ಟು ತಾಳಿಕೊಳ್ಳಿರೆಂದು ಕೇಳಿಕೊಂಡನು. ಉತ್ತರವಾಗಿ ಬಂದದ್ದು ‘ಹಣ, ಹಣ’ ಎಂಬ ಕೂಗು; ಮುಂದಿನ ಸಾಲಿನವರು ಅವನ ಎದೆಗೆ ನೇರವಾಗಿ ಈಟಿಗಳನ್ನು ಇಳಿಸಿದರು. ಮಾತು ನಿಂತುಹೋಯಿತು. ಪಾರ್ಶ್ವವಾಯು ಬಡಿದು ಕುಸಿಯುತ್ತಿದ್ದವನನ್ನು ಹತ್ತಿರವಿದ್ದ ತಮಟೆಯೊಂದರ ಮೇಲೆ ಕೂರಿಸಿದರು. ಅವನ ಸ್ಥಿತಿ ಕಂಡು ಈಟಿಗಳು ಮೇಲಕ್ಕೆದ್ದವು, ಸಿಪಾಯಿಗಳು ಮೆತ್ತಗಾದರು ಎಂದು ಹೇಳುತ್ತಾರೆ. ಆದರೆ ಅಷ್ಟರಿಂದ ಬಾಕಿ ತೀರಲಿಲ್ಲ, ಅವನು ಮತ್ತೆ ದಂಡನ್ನು ನಡೆಸಲೂ ಇಲ್ಲ. ಅವನನ್ನು ಫೆರಾರಾಕ್ಕೆ ಸಾಗಿಸಿದರು. ಜರ್ಮನರ ಹೊಣೆ ಕೊನ್ರಾಡ್ ಫಾನ್ ಬೆಮೆಲ್‌ಬೆರ್ಗ್ ಎಂಬವನ ಮೇಲೆ ಬಿತ್ತು. ಸೈನ್ಯ ದಕ್ಷಿಣಕ್ಕೆ ಉರುಳುತ್ತ ಹೋಗಿ ಮೇ 6ರಂದು ರೋಮ್ ನಗರದ ಗೋಡೆ ಹತ್ತಿತು. ಮೊದಲ ಹಲ್ಲೆಯಲ್ಲೇ ಬೂರ್ಬೋನ್ ಗುಂಡಿಗೆ ಬಲಿಯಾದುದರಿಂದ ನಗರದೊಳಗೆ ನುಗ್ಗಿದವರನ್ನು ತಡೆಯುವ ಅಧಿಕಾರವುಳ್ಳವನು ಯಾರೂ ಉಳಿಯಲಿಲ್ಲ. ಪೋಪ್ ಸಾಂತ್ ಆಂಜೆಲೊ ಕೋಟೆ ಸೇರಿಕೊಂಡನು. ಅವನ ಸ್ವಿಸ್ ಕಾವಲುಗಾರರಲ್ಲಿ 147 ಮಂದಿ ಸತ್ತರು. ಜೂನ್ ತಿಂಗಳಲ್ಲಿ 4,00,000 ಡ್ಯುಕಾಟ್ ಚಿನ್ನದ ನಾಣ್ಯಗಳ ದಂಡಕ್ಕೆ ಪೋಪ್ ಒಪ್ಪಬೇಕಾಯಿತು.

ಇನ್ನು ಅಪವಾದದ ವಿಚಾರ. ಅವನು ಇದ್ದಿದ್ದರೆ ಲೂಟಿ ನಡೆಯುತ್ತಿರಲಿಲ್ಲವೆಂದು ವಾದಿಸುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಮಾರ್ಚ್ ತಿಂಗಳಲ್ಲಿ ತನ್ನ ಎದೆಯ ಮುಂದಿನ ಈಟಿಗಳನ್ನು ತಡೆಯಲಾಗದವನು ಮೇ ತಿಂಗಳಲ್ಲಿ ರೋಮ್ ನಗರದ ಬೀದಿಗಳಲ್ಲಿ ಅವುಗಳನ್ನು ತಡೆಯುತ್ತಿದ್ದನೇ? ದುಡ್ಡಿಲ್ಲವೆಂದು ಗೊತ್ತಿದ್ದೂ ಹನ್ನೆರಡು ಸಾವಿರ ಜನರನ್ನು ಬೆಟ್ಟ ದಾಟಿಸಿ ತಂದವನು ಅವನು. ಆ ಹೊಣೆಯಿಂದ ಪಾರ್ಶ್ವವಾಯು ಅವನನ್ನು ಬಿಡಿಸುವುದಿಲ್ಲ. ಆದರೆ ಪತ್ರ ಬರೆದು ಹಣ ಕಳಿಸದೆ ಕುಳಿತ ಚಕ್ರವರ್ತಿಯ ಪಾಲು ಅದಕ್ಕಿಂತ ದೊಡ್ಡದು.

ಪ್ರಶ್ನೆ: 1525ರ ಜರ್ಮನ್ ರೈತ ದಂಗೆಯನ್ನು ಹತ್ತಿಕ್ಕಿದವರಲ್ಲಿ ಇವನೂ ಇದ್ದನೇ?

ಉತ್ತರ: ಇದ್ದನು. ಪಾವಿಯಾದಿಂದ ಮರಳಿದ ವರ್ಷವೇ, ಜುಲೈ ತಿಂಗಳಲ್ಲಿ, ಆಲ್‌ಗೋಯ್ ಸೀಮೆಯ ಲಾಯ್ಬಾಸ್ ಹೊಳೆಯ ಬಳಿ ಶ್ವಾಬಿಯನ್ ಒಕ್ಕೂಟದ ಸೇನಾಪತಿ ಗೇಯೋರ್ಗ್ ಟ್ರುಖ್‌ಸೆಸ್‌ನ ದಂಡನ್ನು ಸೇರಿಕೊಂಡನು. ಎದುರಾಳಿ ರೈತರ ನಡುವೆ ಅವನ ಕೈಕೆಳಗೆ ಇಟಲಿಯಲ್ಲಿ ಕಾದಿದ್ದ ಹಳೆಯ ಸಿಪಾಯಿಗಳಿದ್ದರು. ಅಂತಹ ಕೆಲವು ನಾಯಕರಿಗೆ ಗುಟ್ಟಾಗಿ ಹಣ ಕೊಟ್ಟು ರೈತರ ಪಾಳೆಯವನ್ನು ಒಡೆದನೆಂದು ಹೇಳಲಾಗುತ್ತದೆ. ದೊಡ್ಡ ಕದನವಿಲ್ಲದೆ ಅಲ್ಲಿ ದಂಗೆ ಕರಗಿಹೋಯಿತು.

ಪ್ರಶ್ನೆ: ವೋರ್ಮ್ಸ್ ಸಭೆಗೆ ಹೋಗುತ್ತಿದ್ದ ಲೂಥರ್‌ನ ಬೆನ್ನು ತಟ್ಟಿ ಇವನು ಧೈರ್ಯ ಹೇಳಿದನಂತೆ. ಇಂತಹ ಮಾತುಗಳೆಲ್ಲ ನಮಗೆ ಹೇಗೆ ತಿಳಿದವು? ಅವನ ಕೊನೆ ಏನಾಯಿತು?

ಉತ್ತರ: 1521ರ ಏಪ್ರಿಲಿನಲ್ಲಿ, ಲೂಥರ್ ತನ್ನ ಬೋಧನೆಗೆ ಉತ್ತರ ಹೇಳಲು ಚಕ್ರವರ್ತಿಯ ಸಭೆಯೆದುರು ನಿಲ್ಲಬೇಕಾಗಿದ್ದ ವೋರ್ಮ್ಸ್ ಪಟ್ಟಣದಲ್ಲಿ, ಬಡ ಸನ್ಯಾಸಿಯೇ, ನೀನು ಕಠಿಣವಾದ ದಾರಿ ಹಿಡಿದಿದ್ದೀಯೆ ಎಂಬರ್ಥದ ಮಾತನ್ನು ಅವನು ಲೂಥರ್‌ಗೆ ಹೇಳಿದನೆಂಬ ಕತೆ ಜರ್ಮನಿಯಲ್ಲಿ ಬಹಳ ಪ್ರಸಿದ್ಧ. ಅದಕ್ಕೆ ಆ ದಿನಗಳ ಸಾಕ್ಷ್ಯವಿಲ್ಲ, ಆಮೇಲೆ ಬೆಳೆದ ಐತಿಹ್ಯವೆಂದೇ ತಿಳಿಯಬೇಕು. ಅವನ ಬದುಕಿನ ಬಗ್ಗೆ ನಮಗಿರುವ ಬಹುಪಾಲು ಜೀವಂತ ವಿವರಗಳು ಅವನ ಕಾರ್ಯದರ್ಶಿಯಾಗಿದ್ದ ಆಡಮ್ ರೈಸ್ನರ್‌ನಿಂದ ಬಂದವು. ಅವನು ಇಟಲಿಯ ದಂಡಯಾತ್ರೆಯಲ್ಲಿ ಜೊತೆಗಿದ್ದವನು, ಆದರೆ ಅವನ ಬರವಣಿಗೆ ಅಚ್ಚಾದದ್ದು 1568ರಲ್ಲಿ. ಜೊತೆಗೆ ಅವನು ಒಡೆಯನ ಅಭಿಮಾನಿ. ಆದ್ದರಿಂದ ಬೆಟ್ಟದ ಹಾದಿ, ಪಾಳೆಯದ ಹಸಿವು, ಸುತ್ತುಗಟ್ಟಿದ ಈಟಿಗಳು ಇವುಗಳನ್ನು ನಂಬಬಹುದು. ನಾಯಕನ ಬಾಯಲ್ಲಿ ಬರುವ ಚೆಂದದ ಭಾಷಣಗಳನ್ನು ಮಾತ್ರ ಸ್ವಲ್ಪ ಅಂತರದಲ್ಲಿಟ್ಟು ಓದಬೇಕು.

ಫೆರಾರಾದಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಹಾಸಿಗೆ ಹಿಡಿದ ಮೇಲೆ ಅವನನ್ನು ಮಿಂಡಲ್‌ಹೈಮಿಗೆ ಕರೆತಂದರು. ಅಷ್ಟರಲ್ಲಿ ಸೈನ್ಯದೊಡನೆ ರೋಮ್‌ಗೆ ಹೋಗಿದ್ದ ಮಗ ಮೆಲ್ಕಿಯೋರ್ ಅಲ್ಲಿಯೇ 1528ರ ಆರಂಭದಲ್ಲಿ ಪಿಡುಗಿಗೆ ತುತ್ತಾಗಿದ್ದನು. ಅವನ ಸಮಾಧಿ ರೋಮ್‌ನ ಜರ್ಮನರ ಚರ್ಚಿನಲ್ಲಿದೆ. ತಂದೆ 1528ರ ಆಗಸ್ಟ್ 20ರಂದು ತನ್ನ ಕೋಟೆಯಲ್ಲಿ ಸತ್ತನು. ಒತ್ತೆಯ ಸಾಲಗಳು ವಾರಸುದಾರರ ತಲೆಗೆ ಬಂದವು. ಇನ್ನೊಬ್ಬ ಮಗ ಕಾಸ್ಪರ್ ಕೂಡ ದಂಡನಾಯಕನಾಗಿ 1536ರವರೆಗೆ ಬದುಕಿದ್ದನು; 1586ರಲ್ಲಿ ಮೊಮ್ಮಗ ಗೇಯೋರ್ಗ್ ಗಂಡುಸಂತಾನವಿಲ್ಲದೆ ತೀರಿಕೊಂಡಾಗ ಮಿಂಡಲ್‌ಹೈಮಿನ ಫ್ರುಂಡ್ಸ್‌ಬರ್ಗ್ ಮನೆತನ ಮುಗಿಯಿತು.